ಚಕ್ಕಡಿಯ ಮರೆಯ ಬಂದೂಕು

ಗುಡ್ಡಗಾಡಿನ ಬೇಟೆಗಾರನಿಗೆ ಬಂಡೆಯ ಮರೆಯಾದರೂ ಇರುತ್ತದೆ. ಧಾರವಾಡ ಸೀಮೆಯ ಅಣ್ಣಿಗೇರಿಯ ಎರಿ ಹೊಲದಲ್ಲಿ ಏನಿದೆ? ಕಣ್ಣು ಹಾಯುವಷ್ಟು ದೂರ ಕಡಲೆ, ನಡುವೆ ಗಿಡ್ಡ ಬದು, ಅಲ್ಲೊಂದು ಇಲ್ಲೊಂದು ಜಾಲಿಗಿಡ. ಇಂಥ ಬಟಾಬಯಲಿನಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಬಾಳಿಕೊಂಡು ಬಂದಿದೆಯಲ್ಲ, ನನಗೆ ಅದೇ ಸೋಜಿಗ. ಎಳೆಮರಿ ಕೆಲವು ದಿನ ಹುಲ್ಲಿನಲ್ಲಿ ಮಿಸುಕದೆ ಮಲಗಿರುತ್ತದೆ. ಆಮೇಲೆ ಅಡಗುವ ಮಾತೇ ಇಲ್ಲ. ಆಯುಷ್ಯವೆಲ್ಲ ನಾಲ್ಕು ಮಂದಿಗೆ ಕಾಣುವಂತೆಯೇ.

ಎಳೆಬಿಸಿಲಿನಲ್ಲಿ ನಿಂತ ಗಂಡನ್ನು ನೋಡಬೇಕು. ಇದ್ದಿಲುಗಪ್ಪು ಬೆನ್ನು, ಅಚ್ಚ ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಬಿಳಿ ಬಳೆ. ಮೂತಿ ಎತ್ತಿ ಬಿಂಕದಿಂದ ನಡೆದರೆ ತಿರುಚುಗೊಂಬು ಬೆನ್ನಿನ ಮೇಲೆ ಮಲಗುತ್ತದೆ. ಬೆದರಿದಾಗ ಹಿಂಡಿನಲ್ಲೊಂದು ನಿಂತಲ್ಲೇ ಮೇಲಕ್ಕೆ ಚಿಮ್ಮುತ್ತದೆ, ಹಿಂದೆಯೇ ಉಳಿದವು. ಓಟಕ್ಕೆ ಬಿದ್ದರೆ ಗಂಟೆಗೆ 80 ಕಿಲೋಮೀಟರ್.

ಇಷ್ಟು ಚುರುಕಿನ ಪ್ರಾಣಿಯ ಸಮೀಪಕ್ಕೆ ಹಳೆಯ ಶಿಕಾರಿಗಳು ಹೋಗುತ್ತಿದ್ದದ್ದು ಚಕ್ಕಡಿಯ ಮರೆಯಲ್ಲಿ. ಎತ್ತು, ಗಾಡಿ, ಒಕ್ಕಲಿಗ ಇವೆಲ್ಲ ಚಿಗರಿಗೆ ದಿನದ ನೋಟ. ಗಾಡಿ ನೆಟ್ಟಗೆ ಹೋಗದೆ ಓರೆಯಾಗಿ ಸುತ್ತು ಹಾಕುತ್ತ ಹತ್ತಿರವಾಗುತ್ತಿತ್ತು. ಬಂದೂಕು ಅದರ ಪಕ್ಕದಲ್ಲಿ ಬಗ್ಗಿ ನಡೆಯುತ್ತಿತ್ತು. ರಾಜರು ಚಿಗರಿ ಬೇಟೆಗೆ ಪಳಗಿಸಿದ ಸಿವಂಗಿಯೂ (ಚೀತಾ) ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಡಿಯ ಮೇಲೆಯೇ ಬರುತ್ತಿತ್ತು. ದೇಶದಲ್ಲಿ ಸಿವಂಗಿ ಅಳಿಯಿತೆಂದು 1952ರಲ್ಲಿ ಸಾರಿದರು, ಚಿಗರಿ ಉಳಿದಿದೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಇಲ್ಲಿಯ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಅಚ್ಚು ಹಾಕಿಸಿದ.  ಅವನಿಗೆ ಶಿಕಾರಿಯ ಹುಚ್ಚೂ ಇತ್ತು.

ಬೇಟೆಯವರು ಜಾಣತನವೆಂದು ಹೇಳಿಕೊಂಡದ್ದು ನನಗೆ ಹಾಗೆ ತೋರುವುದಿಲ್ಲ. ಒಕ್ಕಲಿಗನ ಮೇಲೆ ಚಿಗರಿ ಇಟ್ಟ ನಂಬಿಗೆಯನ್ನು ಅವರು ಕಡ ತಂದು ಖರ್ಚು ಮಾಡಿದರು, ಅಷ್ಟೇ.

ಆ ನಂಬಿಗೆಯ ಬಾಬು ತೆರುವವನೂ ಒಕ್ಕಲಿಗನೇ. ಹೆಸರು ಎರಡೆಲೆ ಒಡೆಯುವಷ್ಟರಲ್ಲಿ ಹಿಂಡು ಇಳಿದರೆ ಬೀಜದ ರೊಕ್ಕವೂ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಕೈ ಮಾಡುವ ಹಾಗಿಲ್ಲ. ಬೈದು, ಹುಯ್ಯೆಂದು ಕೂಗಿ ಅಟ್ಟುತ್ತಾನೆ. ಬೆಳೆಹಾನಿಯ ಪರಿಹಾರ ಅವನ ಹಕ್ಕು. ಅದನ್ನು ಬೇಡಿ ಪಡೆಯುವ ಹಾಗೆ ಮಾಡಬಾರದು.

ಚಿಗರಿ ನೋಡಲು ಬರುವವರಿಗೆ ಒಂದು ಮಾತು: ಗಾಡಿ ರಸ್ತೆಯ ಮೇಲೆಯೇ ಇರಲಿ. ಫೋಟೋ ಆಸೆಗೆ ಹೊಲಕ್ಕೆ ಇಳಿಸಿ ಬೆನ್ನಟ್ಟಬೇಡಿ.