ತಲೆಗೆಷ್ಟು?

ಅರ್ಥಶಾಸ್ತ್ರಜ್ಞರ ಗಣಿತದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಾಣುವುದು ಭಾಗಾಕಾರ. ಒಂದು ದೇಶದ ನೆಲದಡಿಯಲ್ಲಿ ಎಷ್ಟು ಎಣ್ಣೆ, ಎಷ್ಟು ಅದಿರು ಇದೆಯೆಂದು ಅಂದಾಜು ಮಾಡುವುದು. ತೆಗೆಯುವ ವೆಚ್ಚ ಕಳೆದು ಅದಕ್ಕೊಂದು ಬೆಲೆ ಕಟ್ಟುವುದು. ಬಂದ ಮೊತ್ತವನ್ನು ಜನಸಂಖ್ಯೆಯಿಂದ ಭಾಗಿಸುವುದು. ತಲೆಗೆ ಇಷ್ಟು ಎಂದು ಲೆಕ್ಕ ಮುಗಿಯಿತು. ವಿಶ್ವಬ್ಯಾಂಕು 2006ರಿಂದೀಚೆಗೆ ಹಲವು ಸಲ ಇಂಥ ಪಟ್ಟಿಗಳನ್ನು ಹೊರತಂದಿದೆ. ಎರಡು ದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ಯಾರು ಸಿರಿವಂತರೆಂದು ನೋಡುವುದು ಪತ್ರಿಕೆ ಓದುವ ನಮ್ಮಂಥವರಿಗೂ ಒಂದು ವಿನೋದವೇ. ಆದರೆ ಈ ಲೆಕ್ಕದಲ್ಲಿ ಭಾಜ್ಯಕ್ಕಿಂತ ಭಾಜಕವೇ ಹೆಚ್ಚು ತೊಡಕಿನದೆಂದು ನನಗೆ ತೋರುತ್ತದೆ. ತಲೆಗೆ ಎಂದರೆ ಯಾರ ತಲೆಗೆ?

ಶಾಂತಸಾಗರದ ನಡುವೆ ನೌರು ಎಂಬ ದ್ವೀಪವಿದೆ. ವಿಸ್ತೀರ್ಣ 21 ಚದರ ಕಿಲೋಮೀಟರು. ಈಗಿನ ಜನಸಂಖ್ಯೆ ಸುಮಾರು 12 ಸಾವಿರ. ಈ ಪುಟ್ಟ ನೆಲದ ಮೇಲೆ ಉತ್ಕೃಷ್ಟವಾದ ಫಾಸ್ಫೇಟ್ ಶಿಲೆಯಿತ್ತು. ಹೊಲಕ್ಕೆ ಗೊಬ್ಬರವಾಗುವ ಈ ಕಲ್ಲನ್ನು ಪರಕೀಯರು ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಅಗೆದು ಸಾಗಿಸತೊಡಗಿದರು. ಮೊದಲನೆಯ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳು ಸೇರಿ ಆ ವ್ಯಾಪಾರವನ್ನು ವಹಿಸಿಕೊಂಡವು. 1968ರಲ್ಲಿ ನೌರು ಸ್ವತಂತ್ರವಾಯಿತು; ಗಣಿಯೂ ಕೈಗೆ ಬಂತು. ಎಪ್ಪತ್ತರ ದಶಕದಲ್ಲಿ ತಲಾ ಆದಾಯದ ಲೆಕ್ಕದಲ್ಲಿ ಅದು ಪ್ರಪಂಚದ ಅತ್ಯಂತ ಶ್ರೀಮಂತ ರಾಷ್ಟ್ರಗಳ ಸಾಲಿನಲ್ಲಿತ್ತು. ಜನ ತೆರಿಗೆ ಕೊಡಬೇಕಾಗಿರಲಿಲ್ಲ. ಮೆಲ್ಬರ್ನಿನಲ್ಲಿ ನೌರು ಸರ್ಕಾರದ 52 ಅಂತಸ್ತಿನ ಕಟ್ಟಡ 1977ರಲ್ಲಿ ಎದ್ದುನಿಂತಿತು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡ ವಿಂಚಿಯನ್ನು ಕುರಿತ ಒಂದು ಗೀತನಾಟಕಕ್ಕೂ ಈ ದ್ವೀಪದ ಹಣ ಹೋಯಿತು, ನಾಟಕ ಬಿದ್ದುಹೋಯಿತು. ಶತಮಾನ ಮುಗಿಯುವ ಹೊತ್ತಿಗೆ ಫಾಸ್ಫೇಟೂ ಬಹುಮಟ್ಟಿಗೆ ಮುಗಿದಿತ್ತು. ಮುಂದಿನವರಿಗೆಂದು ಇಟ್ಟಿದ್ದ ನಿಧಿ ದುಂದಿನಲ್ಲಿ, ಸಾಲದಲ್ಲಿ, ಕೆಟ್ಟ ವ್ಯವಹಾರಗಳಲ್ಲಿ ಕರಗಿತು. 2004ರಲ್ಲಿ ಮೆಲ್ಬರ್ನಿನ ಕಟ್ಟಡವೂ ಮಾರಾಟವಾಯಿತು. ದ್ವೀಪದ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲದಲ್ಲಿ ಉಳಿದದ್ದು ಹಲ್ಲುಗಳಂತೆ ಎದ್ದು ನಿಂತಿರುವ ಸುಣ್ಣದಕಲ್ಲಿನ ಕಂಬಗಳು. ಅಲ್ಲಿ ಉಳುವುದಿರಲಿ, ನಡೆಯುವುದೂ ಕಷ್ಟ.

ಇನ್ನು ನಾರ್ವೆ. 1969ರ ಕೊನೆಯಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್ ಎಂಬಲ್ಲಿ ಅಪಾರವಾದ ಎಣ್ಣೆ ಕಂಡಿತು. ಆ ದೇಶವೂ ಮೊದಲ ವರ್ಷಗಳಲ್ಲಿ ಧಾರಾಳವಾಗಿಯೇ ಖರ್ಚು ಮಾಡಿತು. ಆದರೆ 1990ರಲ್ಲಿ ಕಾನೂನು ಮಾಡಿ ಒಂದು ನಿಧಿಯನ್ನು ಸ್ಥಾಪಿಸಿತು. 1996ರಲ್ಲಿ ಮೊದಲ ಹಣ ಬಿತ್ತು. ಆ ಹಣವನ್ನೆಲ್ಲ ಹೊರದೇಶಗಳಲ್ಲಿಯೇ ತೊಡಗಿಸಬೇಕು. ಸರ್ಕಾರ ವರ್ಷಕ್ಕೆ ಸುಮಾರಾಗಿ ನೂರಕ್ಕೆ 4ರಷ್ಟನ್ನು ಮಾತ್ರ ಬಳಸಬೇಕೆಂದು 2001ರಲ್ಲಿ ಕಟ್ಟುಮಾಡಿ, 2017ರಲ್ಲಿ ಅದನ್ನು 3ಕ್ಕೆ ಇಳಿಸಿದರು. ಅಸಲು ಮುಟ್ಟದೆ ಬಡ್ಡಿಯಲ್ಲಿ ಸಂಸಾರ ಸಾಗಿಸುವ ಹಳೆಯ ಕಾಲದ ಯಜಮಾನನ ಲೆಕ್ಕವಿದು. 2024ರ ಕೊನೆಗೆ ನಿಧಿ 20 ಲಕ್ಷ ಕೋಟಿ ಕ್ರೋನರುಗಳನ್ನು ಮುಟ್ಟಿತು. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ. ತಲೆಗೆ 36 ಲಕ್ಷ ಕ್ರೋನರು!

ನೌರುವಿನವರು ಭಾಗಿಸಿದ್ದು ಅಂದು ಬದುಕಿದ್ದವರ ತಲೆಗಳಿಂದ. ನಾರ್ವೆಯವರು ಇನ್ನೂ ಹುಟ್ಟದ ತಲೆಗಳನ್ನೂ ಸೇರಿಸಿಕೊಂಡರು. ಈ ಎರಡನೆಯ ಲೆಕ್ಕ ನಮ್ಮ ನಾಡಿಗೆ ಅಪರಿಚಿತವಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ಪಿತ್ರಾರ್ಜಿತಕ್ಕೆ ಹಾಕಿದ ಕಟ್ಟೂ ಇದೇ ಬಗೆಯದು. ಮಗನಿಗೆ ಹಕ್ಕು ಬರುವುದು ತಂದೆ ಸತ್ತಾಗಲ್ಲ, ತಾನು ಹುಟ್ಟಿದಾಗ. ಗರ್ಭದಲ್ಲಿರುವವನಿಗೂ, ಮುಂದೆ ಹುಟ್ಟುವವನಿಗೂ ಹೊಟ್ಟೆಯಿರುವುದರಿಂದ, ಆಪತ್ತು, ಕುಟುಂಬಪೋಷಣೆ, ಧರ್ಮಕಾರ್ಯ ಇವುಗಳಿಗಲ್ಲದೆ ತಂದೆ ತನ್ನಿಷ್ಟದಂತೆ ಜಮೀನು ಮಾರುವಹಾಗಿಲ್ಲ. (ಹೆಣ್ಣುಮಕ್ಕಳ ತಲೆಯನ್ನು ಈ ಲೆಕ್ಕಕ್ಕೆ ಸೇರಿಸಲು ಕರ್ನಾಟಕದಲ್ಲಿ 1994ರವರೆಗೆ, ದೇಶಕ್ಕೆಲ್ಲ 2005ರವರೆಗೆ ಕಾಯಬೇಕಾಯಿತು. ತಲೆ ಎಣಿಸುವವರ ಕಣ್ಣಿಗೆ ಎದುರಿಗಿದ್ದವರೂ ಕಾಣದಿರುವುದುಂಟು.) ಸ್ವಯಾರ್ಜಿತದ ವಿಷಯ ಬೇರೆ, ಅದು ದುಡಿದವನ ಇಷ್ಟ. ಹಾಗಾದರೆ ನೆಲದಡಿಯ ಎಣ್ಣೆ, ಅದಿರು ಯಾವ ಆಸ್ತಿ? ಅದನ್ನು ಯಾವ ತಲೆಮಾರೂ ದುಡಿದು ಗಳಿಸಿಲ್ಲ. ಅಗೆದು ತೆಗೆದ ಕೂಲಿ ನಮ್ಮದು, ನಿಜ. ವಸ್ತು ನಮ್ಮದೆನ್ನುವುದಕ್ಕೆ ನಾವು ಮೊದಲು ಹುಟ್ಟಿದೆವೆಂಬುದರ ಹೊರತು ಬೇರೆ ಆಧಾರ ನನಗೆ ಕಾಣದು.

ಇಷ್ಟಕ್ಕೇ ನಾರ್ವೆ ಜಾಣ, ನೌರು ದಡ್ಡ ಎಂದುಬಿಟ್ಟರೆ ಅನ್ಯಾಯವಾದೀತು. ಎಣ್ಣೆ ಸಿಕ್ಕುವ ಮೊದಲೇ ನಾರ್ವೆಯಲ್ಲಿ ವಿಶ್ವವಿದ್ಯಾಲಯಗಳಿದ್ದವು, ಹಡಗುಗಳಿದ್ದವು, ಕಾಸುಕಾಸಿಗೂ ಲೆಕ್ಕ ಕೇಳುವ ಶಾಸನಸಭೆಯಿತ್ತು. ನೌರುವಿನ ಹಾಳಾದ ಗಣಿನೆಲದಲ್ಲಿ ಸುಮಾರು ಮೂರರಲ್ಲೊಂದು ಪಾಲು ಸ್ವಾತಂತ್ರ್ಯಕ್ಕೆ ಮುಂಚೆ ಪರರ ಕೈಯಲ್ಲೇ ಹಾಳಾದದ್ದು. ಅದರ ಫಲವಾಗಿ ಆಸ್ಟ್ರೇಲಿಯದ ಹೊಲಗಳು ಹಸಿರಾದವು. ಇದಕ್ಕಾಗಿ ನೌರು ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1993ರಲ್ಲಿ ಆಸ್ಟ್ರೇಲಿಯ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು. ಅದಕ್ಕೂ ಮೊದಲು, ಸ್ವಾತಂತ್ರ್ಯಪೂರ್ವದಲ್ಲಿ, ದ್ವೀಪ ಬಿಟ್ಟು ಆಸ್ಟ್ರೇಲಿಯದ ತೀರದ ಕರ್ಟಿಸ್ ದ್ವೀಪಕ್ಕೆ ಬಂದು ನೆಲಸಿರೆಂದು ಹೇಳಿದಾಗ ನೌರುವಿನವರು ಒಪ್ಪಿರಲಿಲ್ಲ. ಹಣ ಕಾಯಲು ಬಾರದಿದ್ದವರಿಗೆ ನೆಲ ಕಾಯುವ ಬುದ್ಧಿ ಇರಲಿಲ್ಲವೆನ್ನಲಾಗದು.

ನಾರ್ವೆಯ ಲೆಕ್ಕದಲ್ಲಿಯೂ ಕೆಲವು ತಲೆಗಳು ಬಿಟ್ಟುಹೋಗಿವೆ. ತನ್ನ ಮನೆಯ ದೀಪಕ್ಕೆ ಅದು ಬಳಸುವುದು ಹೆಚ್ಚಾಗಿ ನೀರಿನಿಂದ ಬಂದ ವಿದ್ಯುತ್ತು; ಎಣ್ಣೆಯನ್ನೂ ಅನಿಲವನ್ನೂ ಮಾರುವುದು ಪರರಿಗೆ. ಎಣ್ಣೆಯ ಬೆಲೆ ಓಸ್ಲೋಗೆ ಬರುತ್ತದೆ, ಅದರ ಹೊಗೆ ಎಲ್ಲರ ಆಕಾಶಕ್ಕೂ ಹೋಗುತ್ತದೆ. ನಾಳೆಯ ನಾರ್ವೆಯ ಮಗುವಿಗೆ ನಿಧಿಯಲ್ಲಿ ಪಾಲುಂಟು. ನಾಳೆಯ ನೌರುವಿನ ಮಗುವಿಗೆ ಆ ಹೊಗೆಯಲ್ಲಿ ಪಾಲುಂಟು. ಗಣಿ ತಿಂದು ಬಿಟ್ಟ ನೆಲದಲ್ಲಿ ಇರಲಾರದೆ ಆ ದ್ವೀಪದ ಜನರೆಲ್ಲ ಹೆಚ್ಚುಕಡಿಮೆ ಕಡಲಂಚಿನ ಕಿರಿದಾದ ಪಟ್ಟಿಯಲ್ಲಿಯೇ ಮನೆ ಕಟ್ಟಿಕೊಂಡಿದ್ದಾರೆ. ಆ ಕಡಲು ಈಗ ಏರುತ್ತಿದೆ. 2025ರ ಆರಂಭದಲ್ಲಿ ನೌರು ಸರ್ಕಾರ, ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೊಡುವ ಹೊರಗಿನವರಿಗೆ ತನ್ನ ಪೌರತ್ವವನ್ನು ಮಾರತೊಡಗಿತು. ಆ ಹಣದಿಂದ ಜನರನ್ನು ತೀರದಿಂದೆಬ್ಬಿಸಿ ಮೇಲಿನ ಆ ಕಲ್ಲುಕಂಬಗಳ ಬಯಲಿಗೆ ಸಾಗಿಸುವ ಯೋಜನೆ ಅದರದು.