ದೇಶಾಂತರ ಹೋಗುವ ಶ್ರಾವಕನೂ ಮನೆಯ ಮೂಕಜೀವಿಯೂ

ಕಲಘಟಗಿಯಂತಹ ಊರಿನಲ್ಲಿ ಓಣಿಯ ನಾಯಿಗೆ ರೊಟ್ಟಿ ಹಾಕುವವರು ಹಲವರು. ಅದರ ಒಡೆಯನಾರೆಂದು ಕೇಳಿದರೆ ಉತ್ತರ ಸಿಗದು. ಒಂದು ಮನೆಯ ಕಟ್ಟೆಯ ಮೇಲೆ ಮಲಗುತ್ತದೆ, ಇನ್ನೊಂದು ಮನೆಯ ಬಾಗಿಲಲ್ಲಿ ಉಣ್ಣುತ್ತದೆ. ಒಡೆತನವಿಲ್ಲದೆ ಕರುಣೆ ನಡೆಯುವ ಈ ಏರ್ಪಾಟು ಬ್ರಿಟನ್ನಿನಂತಹ ದೇಶದಲ್ಲಿ ಇಲ್ಲ. ಅಲ್ಲಿ ಬೀದಿಯಲ್ಲಿ ಅಲೆಯುವ ನಾಯಿಯನ್ನು ಸ್ಥಳೀಯ ಆಡಳಿತದವರು ಹಿಡಿದೊಯ್ಯುತ್ತಾರೆ. ಆದುದರಿಂದ ಉದ್ಯೋಗಾರ್ಥವಾಗಿ ಹೊರಡುವ ಕುಟುಂಬವು ನಾಯಿಯನ್ನೂ ಒಯ್ಯಬಯಸಿದಾಗ ಏಳುವ ಪ್ರಶ್ನೆ ಅಹಿಂಸಾಣುವ್ರತದ್ದು ಮಾತ್ರವಲ್ಲ, ಪರಿಗ್ರಹ ಪರಿಮಾಣದ್ದೂ ಹೌದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹವ್ರತದ ಅತಿಚಾರಗಳಲ್ಲಿ ‘ಧನ’ವನ್ನು ಹೇಳುತ್ತದೆ, ಪೂಜ್ಯಪಾದರು ಅದಕ್ಕೆ ಗೋವು ಮೊದಲಾದವು ಎಂದು ಅರ್ಥಮಾಡಿದ್ದಾರೆ. ಸಾಕಿದ ಪ್ರಾಣಿ ಹೀಗೆ ಜೀವವೂ ಹೌದು, ಸೊತ್ತೂ ಹೌದು. ಜನ್ನನ ಯಶೋಧರಚರಿತೆಯಲ್ಲಿ ತಂದೆಯೂ ಅಜ್ಜಿಯೂ ನವಿಲಾಗಿ, ನಾಯಿಯಾಗಿ ಹುಟ್ಟಿ ಅರಸನ ಅರಮನೆಗೇ ಬರುತ್ತಾರೆ. ಸಾಕಿದವನಿಗೆ ಅದು ತಿಳಿಯದು.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಭಾರತದಿಂದ ಬ್ರಿಟನ್ನಿಗೆ ನಾಯಿಯನ್ನು ಒಯ್ಯಬೇಕಾದರೆ ಅದರ ಚರ್ಮದಡಿ ಗುರುತಿನ ಚಿಪ್ಪು ಸೇರಿಸಬೇಕು, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು, 30 ದಿನಗಳಾದರೂ ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿ ಮತ್ತೆ ಮೂರು ತಿಂಗಳು ಕಾಯಬೇಕು. ಕೊನೆಗೆ ವಿಮಾನದಲ್ಲಿ ಪಂಜರದೊಳಗೆ, ಸರಕಿನೊಡನೆ ಪ್ರಯಾಣ. ಆಸ್ಟ್ರೇಲಿಯವಂತೂ ಭಾರತದಿಂದ ನೇರವಾಗಿ ಬಂದ ನಾಯಿಯನ್ನು ಬಿಟ್ಟುಕೊಳ್ಳುವುದೇ ಇಲ್ಲ. ಸೂಜಿ ಚುಚ್ಚುವುದನ್ನು ಛೇದವೆಂದು ವಾದಿಸುವುದು ಅತಿಯಾಯಿತು. ಆದರೆ ಪಂಜರದ ಆ ದೀರ್ಘಕಾಲವು ಬಂಧವೇ. ಎಳೆಯ ನಾಯಿ ಅದನ್ನು ಸಹಿಸೀತು. ಹಲ್ಲುದುರಿದ ಮುದಿನಾಯಿಗೆ ಪರಿಚಿತ ಓಣಿಯೇ ಹಿತ. ಅದನ್ನೂ ಒಯ್ಯುವ ಹಟ ಬಹುಮಟ್ಟಿಗೆ ಒಡೆಯನ ಮೋಹ. ಹಾಗೆಂದು ಅನ್ನ ಹಾಕುವವರನ್ನು ಗೊತ್ತುಮಾಡದೆ ಬೀಗ ಹಾಕಿ ಹೊರಟರೆ ಅದು ಅನ್ನಪಾನನಿರೋಧ. ಹಿಂದೆ ಉಳಿಯುವ ಅಣ್ಣತಮ್ಮಂದಿರು ಒಪ್ಪಿಕೊಂಡು ನೋಡಿಕೊಳ್ಳುವುದಾದರೆ ಬಿಟ್ಟುಹೋಗುವುದು ನಿರ್ದಯೆಯಲ್ಲ.

ಅಲ್ಲಿ ನೆಲೆಸಿದ ಮೇಲೆ ಆಹಾರದ ಪ್ರಶ್ನೆ. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ನಾಲ್ಕು ಗಂಟೆಗೆ ಮುನ್ನವೇ ಮುಳುಗುತ್ತಾನೆ. ರಾತ್ರಿಭೋಜನ ತ್ಯಾಗವಿದ್ದವನು ಅಷ್ಟರೊಳಗೆ ಊಟ ಮುಗಿಸಲಿ. ನಾಯಿಯ ತಟ್ಟೆಯನ್ನು ಆ ನಿಯಮಕ್ಕೆ ಕಟ್ಟಲು ಅವನಿಗೆ ಅಧಿಕಾರವಿಲ್ಲ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವವೂ ದೇಶವ್ರತಕ್ಕೆ ಏರಬಲ್ಲದೆಂಬುದು ಆಗಮದ ಮಾತು ನಿಜ. ಅದು ಆ ಜೀವದ ಸ್ವಂತ ಪರಿಣಾಮದಿಂದ, ಯಜಮಾನನು ಖಾಲಿಯಿಟ್ಟ ತಟ್ಟೆಯಿಂದಲ್ಲ. ದಶಲಕ್ಷಣದ ಉಪವಾಸದಲ್ಲಿಯೂ ಹೀಗೆಯೇ. ಬ್ರಿಟನ್ನಿನ 2006ರ ಪ್ರಾಣಿಕಲ್ಯಾಣ ಕಾಯಿದೆಯೂ ಸಾಕಿದವನು ಪ್ರಾಣಿಗೆ ತಕ್ಕ ಆಹಾರ ಕೊಡಲೇಬೇಕೆಂದು ವಿಧಿಸಿದೆ.

ನಾಯಿಯನ್ನು ಎಚ್ಚರದಿಂದ ಸಸ್ಯಾಹಾರದಲ್ಲಿ ಸಾಕಬಹುದು. ಬೆಕ್ಕಿನ ದೇಹಪ್ರಕೃತಿ ಬೇರೆ, ಅದು ಮಾಂಸಾಹಾರಿ. ಮನೆಯೊಳಗೆ ಮಾಂಸ ತರಲಾರದವನು ಬೆಕ್ಕನ್ನು ತಾರದಿರುವುದೇ ಲೇಸು. ಮೊಲವಾದರೆ ಹುಲ್ಲು ತಿಂದು ಬದುಕೀತು. ಆದರೆ ಅದಕ್ಕೂ ಗೂಡು ಬೇಕು; ಗೂಡೆಂದೊಡನೆ ಬಂಧದ ಪ್ರಶ್ನೆ ಮತ್ತೆ ಎದುರಾಗುತ್ತದೆ.