ತರಂಗಗಳ ಒಡೆಯರು ಯಾರು?

ಭಾಗ್ಯನಗರದ ನೇಕಾರರ ಓಣಿಯಲ್ಲೂ ಈಗ ಮಗ್ಗಕ್ಕಿಂತ ಟಿವಿಯ ಸದ್ದೇ ಜೋರು. ನೂಲು ಎಲ್ಲಿಯದೆಂದು ವಿಚಾರಿಸಿ ಕೊಳ್ಳುವ ನಾವು ಸುದ್ದಿ ಯಾರದೆಂದು ಕೇಳುವುದಿಲ್ಲ.

ತರಂಗಗಳು ಸಾರ್ವಜನಿಕ ಸ್ವತ್ತು, ಅದರ ಮೇಲೆ ಸರಕಾರದ ಏಕಸ್ವಾಮ್ಯವೂ ಸಲ್ಲದು, ಖಾಸಗಿಯವರದ್ದೂ ಸಲ್ಲದು ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕಾನೂನಿನ ಕಣ್ಣು ಹೆಚ್ಚಾಗಿ ಹೊರಗಿನವನ ಮೇಲೆಯೇ. ಸುದ್ದಿವಾಹಿನಿಗಳಲ್ಲಿ ವಿದೇಶಿ ಬಂಡವಾಳದ ಮಿತಿ ಶೇ. 26 ಇದ್ದದ್ದು 2015ರಲ್ಲಿ ಶೇ. 49ಕ್ಕೇರಿತು. ವಿದೇಶಿಯನಿಗೆ ಬೇಲಿಯಿದೆ, ಊರಗೌಡನಿಗಿಲ್ಲ! 2007ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗಲೇ ಪತ್ನಿ ಅನಿತಾ ಅವರ ‘ಕಸ್ತೂರಿ’ ಬಂತು. 2008ರಲ್ಲಿ ರಾಜ್ಯಸಭಾ ಸದಸ್ಯ ರಾಜೀವ್ ಚಂದ್ರಶೇಖರ್ ಅವರ ‘ಸುವರ್ಣ ನ್ಯೂಸ್’. ಇವು ಕಾನೂನುಬಾಹಿರವಲ್ಲ. ಪ್ರಶ್ನೆ ಇರುವುದೇ ಅಲ್ಲಿ.

ರಾಜಕೀಯ ಪಕ್ಷಗಳೂ ಧಾರ್ಮಿಕ ಸಂಸ್ಥೆಗಳೂ ಪ್ರಸಾರದ ಒಡೆತನಕ್ಕೆ ಇಳಿಯಬಾರದೆಂದು 2008ರಲ್ಲಿ ಟ್ರಾಯ್ ಶಿಫಾರಸು ಮಾಡಿತು. ಪಕ್ಷಗಳ ಮಾತಿಗೆ ನಾವೆಲ್ಲ ತಲೆದೂಗುತ್ತೇವೆ. ಮಠ, ಮಸೀದಿಗಳ ಹೆಸರು ಬಂದೊಡನೆ ದನಿ ತಗ್ಗುತ್ತದೆ. ಇದು ನ್ಯಾಯವೇ? ಒಡೆತನಕ್ಕೆ ಮಿತಿಯೆಂದರೆ ಬಾಯಿಗೆ ಬೀಗವಲ್ಲ. ಧ್ವನಿವರ್ಧಕ ಒಬ್ಬನ ಕೈಯಲ್ಲೇ ಉಳಿಯದಿರಲಿ ಎಂದಷ್ಟೇ. ಹಾಗಿದ್ದಲ್ಲಿ ಅದು ನಮಗೂ ಅನ್ವಯಿಸಬೇಕು.

ಪಕ್ಷವನ್ನು ತಡೆದರೆ ಬಂಧುಗಳೋ ಆಪ್ತರೋ ಬರುತ್ತಾರೆಂಬುದು ನಿಜ. ಅದಕ್ಕೇ ಮೊದಲ ಬೇಡಿಕೆ ಚಿಕ್ಕದಿರಲಿ: ಪ್ರತಿ ವಾರ್ತೆಯ ಕೊನೆಗೆ, ನೇಕಾರನೂ ಓದುವಷ್ಟು ದೊಡ್ಡಕ್ಷರದಲ್ಲಿ, ಒಡೆಯನ ಹೆಸರು ಪರದೆಯ ಮೇಲೆ ಬರಲಿ.